ದುರಸ್ತಿಗೂ ಒಂದು ಪಂಚಾಂಗ ಬೇಕು

ಘೋಡಬಂದರ್ ರಸ್ತೆಯ ಇಕ್ಕೆಲದಲ್ಲಿ ಮನೆಮಾಡಿಕೊಂಡಿರುವ ಕನ್ನಡಿಗರಿಗೆ ದುರಸ್ತಿ ಎಂಬ ಮಾತಿನ ಅರ್ಥವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಕಾಪೂರಬಾವಡಿಯಿಂದ ಮುಂದಕ್ಕೆ ಮೆಟ್ರೋದ ಕಂಬಗಳು ಎದ್ದುದನ್ನು ನಾವು ಬಸ್ಸಿನ ಕಿಟಕಿಯಿಂದ ಒಂದೊಂದಾಗಿ ಎಣಿಸಿದ್ದೇವೆ. ಗಾಯ್‌ಮುಖ ಘಾಟಿನ ರಸ್ತೆಯನ್ನು ಸರಿಪಡಿಸುವುದಕ್ಕಾಗಿ ಭಾರದ ಲಾರಿಗಳನ್ನು ತಡೆದು ಬೇರೆ ದಾರಿಗೆ ತಿರುಗಿಸಿದ ದಿನಗಳಲ್ಲಿ, ಮಾನಪಾಡಾದಿಂದ ಠಾಣೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಒಂದು ವಾರಪತ್ರಿಕೆಯನ್ನು ಜಾಹೀರಾತುಗಳ ಸಹಿತ ಓದಿ ಮುಗಿಸಿದವನು ನಾನು. ರಸ್ತೆಯನ್ನು ಮುಚ್ಚುವಂತಿಲ್ಲ, ಸರಿಪಡಿಸದೆ ಬಿಡುವಂತೆಯೂ ಇಲ್ಲ. ಈ ಇಕ್ಕಟ್ಟಿನಲ್ಲಿಯೇ ನಮ್ಮ ಸಂಸಾರ ಸಾಗಿದೆ.

ಇದೇ ರಸ್ತೆಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ದುರಸ್ತಿಯೂ ನಡೆಯುತ್ತಿರುತ್ತದೆ. ಶನಿವಾರ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕಿಟಕಿಯ ಬಳಿ ನಿಂತರೆ ಎದುರಿನ ಕಟ್ಟಡದಲ್ಲಿ ಅಲ್ಲೊಂದು ಇಲ್ಲೊಂದು ದೀಪ ಉರಿಯುತ್ತಿರುವುದು ಕಾಣುತ್ತದೆ. ಅದು ಮಕ್ಕಳ ಪರೀಕ್ಷೆಯ ಕಾಲವಲ್ಲ. ಮನೆಯಲ್ಲಿ ಯಾರಿಗೂ ಕಾಯಿಲೆಯೂ ಇಲ್ಲ. ಯಾವುದೋ ಬ್ಯಾಂಕಿನ, ವಿಮಾ ಕಂಪನಿಯ, ಔಷಧದ ಕಾರಖಾನೆಯ ಲೆಕ್ಕಪತ್ರಗಳನ್ನೆಲ್ಲ ಹೊತ್ತಿರುವ ಸಾಫ್ಟ್‌ವೇರನ್ನು ನಮ್ಮವನೇ ಆದ ಒಬ್ಬ ಹುಡುಗನು ಹಳೆಯದರಿಂದ ಹೊಸದಕ್ಕೆ ಸಾಗಿಸುತ್ತಿರುತ್ತಾನೆ. ಪಂಡಿತರು ಇದಕ್ಕೆ ತಂತ್ರಾಂಶವೆಂದು ಹೆಸರಿಟ್ಟಿದ್ದಾರೆ. ಬಳಸುವವರೆಲ್ಲ ಸಾಫ್ಟ್‌ವೇರ್ ಎನ್ನುವುದರಿಂದ ನಾನೂ ಹಾಗೆಯೇ ಎನ್ನುವೆನು, ವಾಚಕರು ಮನ್ನಿಸಬೇಕು.

ನಮ್ಮ ನೆರೆಮನೆಯವರು ಉಡುಪಿಯ ಕಡೆಯವರು. ಒಂದು ದಿನ ಅಲ್ಲಿಯ ತಾಯಿ ನಮ್ಮಲ್ಲಿಗೆ ಬಂದು ಅಳಲು ತೋಡಿಕೊಂಡರು: “ನೋಡಿ, ಚೌತಿಗೆ ಊರಿಗೆ ಹೋಗ್ಲಿಕ್ಕೆ ಟಿಕೇಟು ತೆಗೆದಿತ್ತು. ಇವನ ಕಂಪನಿಯವರು ಅದೇ ವಾರ ಏನೋ ಅಪ್‌ಗ್ರೇಡು ಅಂತ ಇಟ್ಟುಕೊಂಡ್ರು. ಸಾಫ್ಟ್‌ವೇರಿಗೆ ಹಬ್ಬ ಹುಣ್ಣಿಮೆ ಒಂದೂ ಇಲ್ಲವಾ?”

ಮಗನು ಬಾಗಿಲಲ್ಲಿಯೇ ನಿಂತು ನಕ್ಕನು. “ಹಬ್ಬ ಇದೆ ಅಂತಲೇ ಅಮ್ಮ ಆಗ ಮಾಡುವುದು. ಉಳಿದ ದಿನ ಅಂಗಡಿ ತೆರೆದಿರ್ತದಲ್ಲ.” ಆಮೇಲೆ ನನ್ನ ಕಡೆಗೆ ತಿರುಗಿ, “ನೀವೇ ಹೇಳಿ ಮಾರಾಯ್ರೆ, ನಿಮ್ಮ ಲೋಕಲ್ ಗಾಡಿಯ ಮೆಗಾಬ್ಲಾಕ್ ರವಿವಾರವೇ ಯಾಕೆ ಇರುವುದು?” ಎಂದನು.

ಆ ಒಂದು ಮಾತಿನಿಂದ ನನಗೆ ಈ ವಿಷಯದ ಅರ್ಧಭಾಗ ತಿಳಿಯಿತು. ನಾನು ಬಿ.ಎ. ಓದಿದ ಕಾರಕೂನ, ಯಂತ್ರದ ಒಳಗುಟ್ಟು ಬಲ್ಲವನಲ್ಲ. ಆದರೆ ಸಾಫ್ಟ್‌ವೇರಿನ ಈಚೆ ಬದಿಯಲ್ಲಿ, ಎಂದರೆ ಜನರು ಬಂದು ನಿಲ್ಲುವ ಕಿಟಕಿಯ ಹಿಂದೆ, ಹದಿಮೂರು ವರ್ಷ ಕುಳಿತಿದ್ದೇನೆ. ಉಳಿದ ಅರ್ಧಭಾಗವನ್ನು ಅಲ್ಲಿಯೇ ಕಲಿತೆ. ಅದೂ ಒಂದು ತಪ್ಪನ್ನು ಮಾಡಿ ಕಲಿತೆ. ಆ ಸಂಗತಿಯನ್ನು ಮುಂದೆ ಹೇಳುವೆನು.

ಮೊದಲು ರೈಲಿನ ಮಾತು. 1925ರ ಫೆಬ್ರವರಿ 3ರಂದು ಬೋರಿಬಂದರದಿಂದ ಕುರ್ಲಾದವರೆಗೆ ಹಾರ್ಬರ್ ಮಾರ್ಗದಲ್ಲಿ ಈ ದೇಶದ ಮೊದಲನೆಯ ವಿದ್ಯುತ್ ರೈಲು ಓಡಿತು. ತಂತಿಯಲ್ಲಿದ್ದುದು 1,500 ವೋಲ್ಟಿನ ಡಿ.ಸಿ. ವಿದ್ಯುತ್ತು. ಮುಂದೆ ದೇಶದ ಉಳಿದ ಭಾಗಗಳೆಲ್ಲ 25,000 ವೋಲ್ಟಿನ ಎ.ಸಿ. ಪದ್ಧತಿಗೆ ಹೋದಾಗ ಮುಂಬಯಿಯೂ ಬದಲಾಗಲೇಬೇಕಾಯಿತು. ಲಕ್ಷಾಂತರ ಜನ ದಿನನಿತ್ಯ ನೇತಾಡಿಕೊಂಡು ಹೋಗುವ ಮಾರ್ಗವನ್ನು ವರ್ಷಗಟ್ಟಲೆ ಮುಚ್ಚಿ ತಂತಿ ಬದಲಿಸಲಾದೀತೇ? ರೈಲ್ವೆಯವರು ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳನ್ನು ತಂದರು. ಮಾರ್ಗವನ್ನು ತುಂಡುತುಂಡಾಗಿ ಬದಲಿಸುತ್ತ ಬಂದರು. ಠಾಣೆಯಿಂದ ಬೋರಿಬಂದರದವರೆಗಿನ ಮುಖ್ಯ ಮಾರ್ಗ ಬದಲಾದದ್ದು 2015ರ ಜೂನಿನಲ್ಲಿ. ಹಾರ್ಬರ್ ಮಾರ್ಗ 2016ರ ಏಪ್ರಿಲಿನಲ್ಲಿ. ಒಂದೇ ಗಾಡಿಯಲ್ಲಿ ಕುಳಿತು ಹಳೆಯ ಕಾಲದಿಂದ ಹೊಸ ಕಾಲಕ್ಕೆ ದಾಟಿದ ಆ ವರ್ಷಗಳಲ್ಲಿ ನಮ್ಮಲ್ಲಿ ಎಷ್ಟು ಜನಕ್ಕೆ ಅದು ತಿಳಿದಿತ್ತು? 2024ರಲ್ಲಿ ಠಾಣೆ ಸ್ಟೇಷನ್ನಿನ ಐದನೆಯ ಪ್ಲಾಟ್‌ಫಾರ್ಮನ್ನು ಅಗಲ ಮಾಡುವುದಕ್ಕೆ ಮೇ ಕೊನೆಯಿಂದ 63 ತಾಸು ಬ್ಲಾಕ್ ಮಾಡಿದಾಗ ಮಾತ್ರ ಎಲ್ಲರಿಗೂ ತಿಳಿಯಿತು, ನೂರಾರು ಗಾಡಿಗಳು ರದ್ದಾದುದರಿಂದ. ಆದರೆ ಅದೂ ಮೊದಲೇ ಸಾರಿದ ತೊಂದರೆ. ಸಾರಿ ಬಂದ ತೊಂದರೆಯನ್ನು ಮನುಷ್ಯನು ಹೇಗೋ ಸಹಿಸುತ್ತಾನೆ.

ಸಾಫ್ಟ್‌ವೇರಿಗೆ ತುಕ್ಕು ಹಿಡಿಯುವುದಿಲ್ಲ, ಚಕ್ರ ಸವೆಯುವುದಿಲ್ಲ. ಹಾಗಿರುವಾಗ ದುರಸ್ತಿಯೇತಕ್ಕೆ ಎಂದು ಕೇಳುವವರುಂಟು. ನಮ್ಮ ಕಚೇರಿಯ ಒಬ್ಬ ಸಾಹೇಬರೂ ಹೀಗೆಯೇ ಕೇಳುತ್ತಿದ್ದರು. ಅದು ಸವೆಯುವುದಿಲ್ಲ ನಿಜ. ಆದರೆ ಸುತ್ತಲಿನ ಲೋಕ ಕದಲುತ್ತದೆ. ಸರಕಾರಿ ನೌಕರನ ತುಟ್ಟಿಭತ್ಯೆಯನ್ನೇ ನೋಡಿರಿ. ಅದು ಬದಲಾಗುವುದು ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ. ಆದೇಶ ಬರುವುದು ತಿಂಗಳುಗಳ ಮೇಲೆ. ಹಿಂಬಾಕಿಯ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದಾಗ, ಹಿಂದಿನ ರಾತ್ರಿ 12 ಮತ್ತು 28ರ ಮೆಟ್ಟಿಲುಗಳಲ್ಲಿದ್ದ ಸಾಮಾನುಗಳು ಬೆಳಗಾಗುವುದರೊಳಗೆ ಬಹುಮಟ್ಟಿಗೆ 5ಕ್ಕೂ 18ಕ್ಕೂ ಇಳಿಯಬೇಕಾಯಿತು. ನಮ್ಮ ವಾಘಬೀಳ್‌ನ ಕಿರಾಣಿಯವನ ಬಿಲ್ಲಿನ ಯಂತ್ರದಿಂದ ಹಿಡಿದು ದೊಡ್ಡ ಕಾರಖಾನೆಯ ಖತಾವಣಿಯವರೆಗೆ ಎಲ್ಲದರ ಹೊಟ್ಟೆಯೊಳಗೂ ಕೈ ಹಾಕಬೇಕಾಯಿತು.

ಇದು ಲೆಕ್ಕದ ಕದಲಿಕೆ. ಕಳ್ಳರ ಕದಲಿಕೆ ಇನ್ನೊಂದು. ವಿಂಡೋಸ್‌ನಲ್ಲಿದ್ದ ಒಂದು ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್‌ನವರು 2017ರ ಮಾರ್ಚ್ 14ರಂದೇ ಕೊಟ್ಟಿದ್ದರು. ಮೇ 12ರಂದು ‘ವನ್ನಾಕ್ರೈ’ ಎಂಬ ಪೀಡೆ ಅದೇ ಕಿಂಡಿಯಿಂದ ನುಗ್ಗಿ ನೂರೈವತ್ತರಷ್ಟು ದೇಶಗಳಲ್ಲಿ ಹಾವಳಿ ಮಾಡಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಸಿಕ್ಕಿಬಿದ್ದವರು ತೇಪೆಯನ್ನು ಹಾಕದೆ ‘ನೋಡೋಣ, ಮುಂದಿನ ತಿಂಗಳು’ ಎಂದಿದ್ದವರು, ಇಲ್ಲವೆ ತಯಾರಕರು ಕೈಬಿಟ್ಟ ಹಳೆಯ ವಿಂಡೋಸನ್ನೇ ಇಟ್ಟುಕೊಂಡಿದ್ದವರು.

ತಯಾರಕರು ಕೈಬಿಡುವುದೆಂದರೆ ಏನು? ಪ್ರತಿ ಆವೃತ್ತಿಗೂ ಇಷ್ಟನೆಯ ತಾರೀಖಿನವರೆಗೆ ಮಾತ್ರ ತಮ್ಮ ಜವಾಬ್ದಾರಿ ಎಂದು ಅವರು ಮೊದಲೇ ಸಾರಿರುತ್ತಾರೆ. ವಿಂಡೋಸ್ 7ಕ್ಕೆ ಆ ತಾರೀಖು 2020ರ ಜನವರಿ 14. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಜರ್ಮನಿಯಲ್ಲಿ 1972ರಲ್ಲಿ ಐವರು ಎಂಜಿನಿಯರರು ಕೂಡಿ ಕಟ್ಟಿದ ಎಸ್.ಎ.ಪಿ. ಕಂಪನಿಯ ಹಳೆಯ ದೊಡ್ಡ ಸಾಫ್ಟ್‌ವೇರಿಗೆ ಮೊದಲು 2025 ಎಂದಿದ್ದರು. 2020ರಲ್ಲಿ ಅದನ್ನು 2027ರ ಕೊನೆಗೆ ಮುಂದೂಡಿದರು. ಹೆಚ್ಚು ಹಣ ತೆತ್ತವರಿಗೆ 2030ರವರೆಗೆ. ಜಗತ್ತಿನ ಎಷ್ಟೋ ಕಾರಖಾನೆಗಳ ಖರೀದಿ, ದಾಸ್ತಾನು, ಸಂಬಳ ಎಲ್ಲವೂ ಅದರಲ್ಲಿಯೇ ನಡೆಯುವುದರಿಂದ ನಮ್ಮ ನೆರೆಮನೆಯ ಹುಡುಗನಂಥವರ ಶನಿವಾರಗಳು ಇನ್ನೂ ಕೆಲವು ವರ್ಷ ಅವರ ಕೈಗೆ ಸಿಗುವಂತಿಲ್ಲ. ಇಂಥ ಕಂಪನಿಗಳು ಬರಿಯ ನಿರ್ವಹಣೆಗೆಂದು ಖರೀದಿ ಬೆಲೆಯ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ವರ್ಷಾವರ್ಷ ಪಡೆಯುತ್ತವೆ. ಎಂದರೆ ಐದು ವರ್ಷಕ್ಕೆ ಇನ್ನೊಮ್ಮೆ ಕೊಂಡಂತಾಯಿತು. ಮನೆ ಕೊಳ್ಳುವಾಗ ಸೊಸಾಯಟಿಯ ಮೇಂಟೆನೆನ್ಸ್ ಎಷ್ಟೆಂದು ನಮ್ಮ ಗೃಹಿಣಿಯರು ಮೊದಲು ಕೇಳುತ್ತಾರೆ. ಕಚೇರಿಗಳಲ್ಲಿ ಇದನ್ನು ಕೊನೆಗೆ ಕೇಳುವ ರೂಢಿ. ಕೊಂಡ ದಿನವೇ ಅದರ ನಿವೃತ್ತಿಯ ತಾರೀಖನ್ನೂ ಕಡತದ ಮೇಲೆ ಬರೆದಿಡಬೇಕು. ನನ್ನ ನಿವೃತ್ತಿಯ ತಾರೀಖನ್ನು ನೌಕರಿಗೆ ಸೇರಿದ ದಿನವೇ ಸರ್ವಿಸ್ ಬುಕ್ಕಿನಲ್ಲಿ ಬರೆದಿಲ್ಲವೇ?

ಹೀಗೆ ಬದಲಾಯಿಸುವುದನ್ನು ಹದವರಿತು ಮಾಡಿದ ಒಂದು ಉದಾಹರಣೆ ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಭಾರತದ ಅಂಚೆ ಕಚೇರಿಗಳ ಸಂಖ್ಯೆ ಸುಮಾರು 1.65 ಲಕ್ಷ. ಮೊದಲು ಅವುಗಳ ಕೌಂಟರಿನಲ್ಲಿ ‘ಮೇಘದೂತ’ ಎಂಬ ಸೊಗಸಾದ ಹೆಸರಿನ ಸಾಫ್ಟ್‌ವೇರ್ ಇತ್ತು. 2012ರಲ್ಲಿ 4,909 ಕೋಟಿ ರೂಪಾಯಿಗಳ ಯೋಜನೆ ಮಂಜೂರಾಗಿ, ಉಳಿತಾಯ ಖಾತೆಗಳಿಗೆ ಇನ್ಫೋಸಿಸ್‌ನವರ ಫಿನಾಕಲ್ ಬಂತು. ಟಪಾಲು ಮತ್ತು ಕೌಂಟರಿನ ವ್ಯವಹಾರಕ್ಕೆ ಟಿ.ಸಿ.ಎಸ್.ನವರು ಎಸ್.ಎ.ಪಿ.ಯ ಮೇಲೆ ಕಟ್ಟಿದ ವ್ಯವಸ್ಥೆ ಬಂತು. ಅದಕ್ಕೂ ವಯಸ್ಸಾಗುತ್ತ ಬಂದಾಗ ಅಂಚೆ ಇಲಾಖೆಯು ಹೊಸದನ್ನು ಹೊರಗಿನಿಂದ ಕೊಳ್ಳಲಿಲ್ಲ. ಮೈಸೂರಿನಲ್ಲಿರುವ ತನ್ನದೇ ಅಂಚೆ ತಂತ್ರಜ್ಞಾನ ಕೇಂದ್ರದಲ್ಲಿ, ತನ್ನ ಜನರಿಂದಲೇ ಕಟ್ಟಿಸಿತು. ಅದರ ಹೆಸರು ‘ಎ.ಪಿ.ಟಿ.’, ಸುಮಾರು 5,800 ಕೋಟಿಯ ಹೊಸ ಯೋಜನೆಯ ಭಾಗ.

ಕಟ್ಟಿದ್ದಕ್ಕಿಂತ ಹೂಡಿದ ರೀತಿ ನನಗೆ ಹೆಚ್ಚು ಮೆಚ್ಚಿಕೆಯಾಯಿತು. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಮೊದಲು ಕರ್ನಾಟಕ ವೃತ್ತದಲ್ಲಿ ಪ್ರಯೋಗ ಮಾಡಿದರು. ಅಲ್ಲಿ ಕಂಡ ತೊಡಕುಗಳನ್ನು ಸರಿಪಡಿಸಿಕೊಂಡು, ಒಂದೊಂದೇ ವೃತ್ತಕ್ಕೆ ಒಯ್ದು, ಆಗಸ್ಟ್ 4ಕ್ಕೆ ದೇಶದ 23 ವೃತ್ತಗಳನ್ನೂ ಮುಗಿಸಿದರು. ಅದಕ್ಕೆ ಮುಂಚೆ 4.6 ಲಕ್ಷ ನೌಕರರಿಗೆ ತರಬೇತಿ ಕೊಟ್ಟರು. ಪ್ರತಿ ಕಡೆಯಲ್ಲಿಯೂ ಬದಲಿಸುವ ಮುನ್ನ ಒಂದು ದಿನ ‘ವ್ಯವಹಾರವಿಲ್ಲ’ ಎಂದು ಮೊದಲೇ ಸಾರಿದರು. ಬಳಿಕ ಒಂದೇ ದಿನದಲ್ಲಿ 32 ಲಕ್ಷ ಟಪಾಲುಗಳನ್ನು ಬರಮಾಡಿಕೊಂಡು 37 ಲಕ್ಷ ಟಪಾಲುಗಳನ್ನು ಮುಟ್ಟಿಸಿದುದುಂಟಂತೆ. ಹಳೆಯ ವ್ಯವಸ್ಥೆಯಲ್ಲಿ ಸಾಧ್ಯವಿಲ್ಲದಿದ್ದ ಯು.ಪಿ.ಐ. ಪಾವತಿಯೂ ಈಗ ಕೌಂಟರಿನಲ್ಲಿ ನಡೆಯುತ್ತದೆ.

ಊರಿನಲ್ಲಿ ನನ್ನ ತಾಯಿಗೆ ಅಂಚೆಯಲ್ಲಿ ತಿಂಗಳು ತಿಂಗಳು ಬಡ್ಡಿ ಬರುವ ಒಂದು ಖಾತೆಯಿದೆ. ಆ ‘ವ್ಯವಹಾರವಿಲ್ಲ’ದ ದಿನವೇ ಅವಳು ಅಲ್ಲಿಗೆ ಹೋಗಿದ್ದಳು. ಮಧ್ಯಾಹ್ನ ಫೋನು ಬಂತು: “ಏನಪಾ, ಪೋಸ್ಟಿನ್ಯಾಗ ಇವತ್ತ ಒಂದ ವ್ಯವಹಾರನೂ ಇಲ್ಲಂತ ಚೀಟಿ ಹಚ್ಯಾರ. ನನ್ನ ರೊಕ್ಕದ ಗತಿ ಏನ?”

“ರೊಕ್ಕ ಎಲ್ಲೂ ಹೋಗಂಗಿಲ್ಲವ್ವಾ. ನಾಳಿಗೆ ಹೋಗು.”

“ಚೀಟಿ ಮೊದಲನ ಹಚ್ಚಿದ್ರಂತ. ನಾನ ನೋಡಿದ್ದಿಲ್ಲ ಬಿಡು.”

ಎರಡು ದಿನ ಬಿಟ್ಟು ಹೋಗಿ ಹಣ ತಂದಳು. ಅವಳ ಪಾಲಿಗೆ 5,800 ಕೋಟಿಯ ಯೋಜನೆಯೆಂದರೆ ಒಂದು ವ್ಯರ್ಥ ತಿರುಗಾಟ, ಅಷ್ಟೆ. ಎಲ್ಲರಿಗೂ ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಆಗದಿದ್ದ ಕಡೆ ಏನಾಯಿತೆಂಬುದಕ್ಕೆ ಇಂಗ್ಲೆಂಡಿನ ಟಿ.ಎಸ್.ಬಿ. ಬ್ಯಾಂಕಿನ ಕಥೆ ಸಾಕು. 2018ರ ಏಪ್ರಿಲಿನಲ್ಲಿ ಒಂದೇ ವಾರಾಂತ್ಯದಲ್ಲಿ ಸುಮಾರು ಐವತ್ತು ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಹೋದರು. ಸೋಮವಾರ ಬಾಗಿಲು ತೆರೆದಾಗ ಹತ್ತೊಂಬತ್ತು ಲಕ್ಷದವರೆಗೆ ಜನರು ತಮ್ಮ ಖಾತೆಯ ಹೊರಗೇ ಉಳಿದರು. ಸರಿಹೋಗುವುದಕ್ಕೆ ವಾರಗಳೇ ಹಿಡಿದವು. ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಯಾವ ಕಾರಕೂನನಿಗೂ ಅರ್ಥವಾಗುವಂಥದು: ಮೊದಲು ತಾರೀಖನ್ನು ಗೊತ್ತುಮಾಡಿ, ಆಮೇಲೆ ಅದಕ್ಕೆ ಹೊಂದುವಂತೆ ಕೆಲಸವನ್ನು ಹಿಂದುಹಿಂದಕ್ಕೆ ಎಣಿಸಿದ್ದರು. ಎರಡು ದತ್ತಾಂಶ ಕೇಂದ್ರಗಳಿದ್ದರೂ ಪರೀಕ್ಷೆಗಳನ್ನು ಸರಿಯಾಗಿ ಮಾಡಿದ್ದು ಒಂದರಲ್ಲಿ ಮಾತ್ರ. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ 50 ಸಾವಿರ ಪೌಂಡ್ ದಂಡ ಬಿತ್ತು; ಮರುವರ್ಷ ಆ ವಿಭಾಗದ ಹಿಂದಿನ ಮುಖ್ಯಾಧಿಕಾರಿಗೆ ಖಾಸಾ 81,620 ಪೌಂಡ್. ಅಧಿಕಾರಿಗೆ ದಂಡ ಬೀಳುವ ದೇಶವೂ ಒಂದಿದೆಯೆಂದು ನಾನು ಅದನ್ನು ಎರಡು ಸಲ ಓದಿದೆ.

ಇನ್ನು ನನ್ನ ತಪ್ಪು. ಅದು ಯಾವ ಕಚೇರಿಯಲ್ಲಿ ನಡೆಯಿತೆಂದು ಹೇಳುವಂತಿಲ್ಲ. ಯಾವ ಸಾಫ್ಟ್‌ವೇರೆಂದೂ ಹೇಳುವಂತಿಲ್ಲ. ಅಲ್ಲಿ ಸಂಬಳ ಮತ್ತು ಕುಟುಂಬ ಪಿಂಚಣಿಯ ಬಿಲ್ಲುಗಳನ್ನು ಮಾಡುವ ಹಳೆಯ ಪ್ರೋಗ್ರಾಮೊಂದಿತ್ತು. ಹೊಸದು ಬರುವುದೆಂದಾಯಿತು. ಉದ್ಘಾಟನೆಗೆ ದೊಡ್ಡವರಿಗೆ ಅನುಕೂಲವಾದ ದಿನ ಮಾರ್ಚ್ ತಿಂಗಳ ಕೊನೆಯ ವಾರ. ಮಾರ್ಚ್ ಕೊನೆಯ ವಾರವೆಂದರೆ ಸರಕಾರಿ ಕಚೇರಿಯಲ್ಲಿ ಏನೆಂದು ಬಲ್ಲವರು ಬಲ್ಲರು. ನೀರು ಕುಡಿಯಲು ಏಳುವುದಕ್ಕೂ ಪುರಸೊತ್ತಿರುವುದಿಲ್ಲ. ‘ಸ್ವಲ್ಪ ಕಂಪ್ಯೂಟರ್ ಬಲ್ಲವನು’ ಎಂದು ಪರೀಕ್ಷೆಯ ಕೆಲಸವನ್ನು ನನಗೆ ಒಪ್ಪಿಸಿದರು. ಒಂದು ಮಧ್ಯಾಹ್ನ ನಾಲ್ಕು ಬಿಲ್ಲುಗಳನ್ನು ಮಾಡಿ ನೋಡಿದೆ. ನಾಲ್ಕೂ ನೆಟ್ಟಗಿನವು, ತಕರಾರಿಲ್ಲದವು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಪೈಸೆಯ ಅಂತರವಿಲ್ಲ. ‘ಪರಿಶೀಲಿಸಲಾಯಿತು, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.

ಹಳೆಯ ಪ್ರೋಗ್ರಾಮಿನಲ್ಲಿ ಕೊನೆಗೆ ‘ಶೇರಾ’ ಎಂಬ ಒಂದು ಕಾಲಂ ಇತ್ತು. ಅದನ್ನು ಮಾಡಿದವರು ಏತಕ್ಕೆ ಇಟ್ಟಿದ್ದರೋ. ನಮ್ಮ ಕಾರಕೂನರು ಮಾತ್ರ ಹನ್ನೆರಡು ವರ್ಷಗಳಿಂದ ಬೇರೆ ಎಲ್ಲಿಯೂ ಬರೆಯಲು ಜಾಗವಿಲ್ಲದ್ದನ್ನೆಲ್ಲ ಅದರಲ್ಲಿ ಬರೆಯುತ್ತ ಬಂದಿದ್ದರು. ‘ಮಗನಿಗೆ ಬುದ್ಧಿ ಬೆಳೆದಿಲ್ಲ, ವಯಸ್ಸು ಮೀರಿದರೂ ನಿಲ್ಲಿಸಬಾರದು.’ ‘ಎರಡನೆಯ ಹೆಂಡತಿ, ಕೋರ್ಟಿನ ಆದೇಶ ಇದೆ.’ ‘ವಸೂಲಿ ಮುಗಿದಿದೆ, ಮತ್ತೆ ಹಿಡಿಯಬಾರದು.’ ಹೊಸ ಪ್ರೋಗ್ರಾಮಿನವರು ಆ ಕಾಲಂ ನೋಡಿ, ಇದೆಂಥ ಕಸವೆಂದು ಬಿಟ್ಟುಬಿಟ್ಟರು. ನಾನು ಪರೀಕ್ಷಿಸಿದ ನಾಲ್ಕು ಬಿಲ್ಲುಗಳಲ್ಲಿ ಒಂದಕ್ಕೂ ಶೇರಾ ಇರಲಿಲ್ಲ.

ಏಪ್ರಿಲಿನಲ್ಲಿ ಹನ್ನೊಂದು ಮನೆಗಳಿಗೆ ಹಣ ಹೋಗಲಿಲ್ಲ. ಭಿವಂಡಿಯ ಕಡೆಯಿಂದ ಒಬ್ಬ ವೃದ್ಧೆ ಮೂವತ್ತು ದಾಟಿದ ಮಗನ ಕೈ ಹಿಡಿದುಕೊಂಡು ಬಂದು ನನ್ನ ಕಿಟಕಿಯ ಮುಂದೆ ನಿಂತಳು. ಅವನು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದನು. ಮಾರ್ಚ್‌ವರೆಗೆ ಬರುತ್ತಿತ್ತು, ಈಗ ಏಕೆ ಬಂದಿಲ್ಲವೆಂದು ಅವಳು ಮರಾಠಿಯಲ್ಲಿ ಕೇಳಿದಳು. ತೆರೆಯ ಮೇಲೆ ನೋಡಿದೆ: ‘ಮಗನ ವಯಸ್ಸು ಮೀರಿದೆ, ಅರ್ಹನಲ್ಲ.’ ಅದನ್ನೇ ಓದಿ ಹೇಳಿದೆ. ಅವಳು ಏನೂ ಮಾತಾಡದೆ ಮಗನ ಕಡೆ ನೋಡಿ, ಮತ್ತೆ ನನ್ನನ್ನು ನೋಡಿದಳು.

ಹಳೆಯ ಯಂತ್ರವನ್ನು ತೆಗೆಯೋಣವೆಂದರೆ ಅದನ್ನು ಆಗಲೇ ಅಳಿಸಿ ಗುಜರಿಯ ಕೋಣೆಗೆ ಹಾಕಿಯಾಗಿತ್ತು. ಹಿಂದಕ್ಕೆ ಹೋಗುವ ದಾರಿಯನ್ನು ನಾವೇ ಕಿತ್ತು ಹಾಕಿದ್ದೆವು. ಮೇ ಕೊನೆಗೆ ನಿವೃತ್ತರಾಗಲಿದ್ದ ನಮ್ಮ ಹಿರಿಯ ಕಾರಕೂನರೊಬ್ಬರು, ರತ್ನಾಗಿರಿಯವರು, ಕಂಪ್ಯೂಟರನ್ನು ಎಂದೂ ಪೂರ್ತಿ ನಂಬಿದವರಲ್ಲ. ಅವರ ಕಪಾಟಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದನೆಯ ವಹಿ ಇತ್ತು. ಶೇರಾಗಳೆಲ್ಲವೂ ಅದರಲ್ಲಿ ತಾರೀಖಿನ ಸಹಿತ ಇದ್ದವು. ಅವರು ಓದುತ್ತ ಹೋದರು, ನಾನು ಬರೆಯುತ್ತ ಹೋದೆ. ಮೂರು ದಿನ ಹಿಡಿಯಿತು. ಕಡತ ಮೇಲಕ್ಕೆ ಹೋಗಿ, ಕೆಳಕ್ಕೆ ಬಂದು, ಆ ತಾಯಿಗೆ ಹಿಂಬಾಕಿ ಸಹಿತ ಹಣ ಸಿಕ್ಕಿದ್ದು ಜುಲೈಯಲ್ಲಿ. ಮೂರು ತಿಂಗಳು ಅವಳು ಹೇಗೆ ನಡೆಸಿದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ. ವಿಚಾರಣೆಯಲ್ಲಿ ಸಾಫ್ಟ್‌ವೇರಿನವರು ನನ್ನ ಸಹಿಯಿದ್ದ ಕಾಗದವನ್ನು ತೋರಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಂದಿನಿಂದ ಇಂಥ ಕೆಲಸ ನನ್ನ ಪಾಲಿಗೆ ಬಂದರೆ ನಾನು ಮೊದಲು ಸುಲಭದ ಬಿಲ್ಲುಗಳನ್ನು ಬದಿಗಿಡುತ್ತೇನೆ. ಅತ್ಯಂತ ತೊಡಕಿನ ಇಪ್ಪತ್ತು ಪ್ರಕರಣಗಳನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಅವುಗಳಿಂದಲೇ ಆರಂಭಿಸುತ್ತೇನೆ. ಹಳೆಯದನ್ನೂ ಹೊಸದನ್ನೂ ಎರಡು ತಿಂಗಳಾದರೂ ಜೊತೆಯಲ್ಲಿ ನಡೆಸಬೇಕೆಂದು ಹಟ ಹಿಡಿಯುತ್ತೇನೆ. ರೈಲಿನವರು ಎರಡು ಬಗೆಯ ವಿದ್ಯುತ್ತಿನ ಗಾಡಿಗಳನ್ನು ಓಡಿಸಿದಂತೆ. ಇದಕ್ಕೆ ದುಪ್ಪಟ್ಟು ಕೆಲಸವಾಗುತ್ತದೆ, ಸಹೋದ್ಯೋಗಿಗಳು ಬಯ್ಯುತ್ತಾರೆ. ಮಾರ್ಚ್ ತಿಂಗಳ ಹೆಸರೆತ್ತಿದರೆ ಮಾತ್ರ ನಾನೇ ಬಯ್ಯುತ್ತೇನೆ.

ನಮ್ಮ ಸಂಘದ ಸದಸ್ಯರ ದಫ್ತರವೂ ಇಂಥದೇ ಒಂದು ಹಳೆಯ ಕಂಪ್ಯೂಟರಿನಲ್ಲಿದೆಯೆಂಬುದು ಬಹಳ ಜನರಿಗೆ ತಿಳಿಯದು. ವರ್ಷಗಳ ಹಿಂದೆ ಸದಸ್ಯರೊಬ್ಬರ ಮಗ ಕಾಲೇಜಿನ ರಜೆಯಲ್ಲಿ ಅದನ್ನು ಮಾಡಿಕೊಟ್ಟಿದ್ದನು. ಈಗ ಅವನು ಪರದೇಶದಲ್ಲಿದ್ದಾನೆ. ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7. ಇದನ್ನು ಹೊಸದಕ್ಕೆ ಸಾಗಿಸಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಗೊತ್ತಾಗಿದೆ. ನವೆಂಬರ್ ಒಂದಕ್ಕೇ ಉದ್ಘಾಟಿಸೋಣವೆಂದು ಒಬ್ಬ ಹಿರಿಯರು ಸೂಚಿಸಿದರು. ಚಂದಾ ವಸೂಲಿ, ನಾಟಕದ ತಾಲೀಮು, ಊಟದ ಏರ್ಪಾಡು ಎಲ್ಲವೂ ಆಗಲೇ ಇರುವುದೆಂದು ಕೈಮುಗಿದು ಹೇಳಿ, ರಾಜ್ಯೋತ್ಸವ ಮುಗಿದ ಮೇಲೆ ಸಂಕ್ರಾಂತಿಯೊಳಗೆ ಎಂದು ಒಪ್ಪಿಸಿದೆ. ಕೆಲಸಕ್ಕೆ ನೆರೆಮನೆಯ ಹುಡುಗನು ಒಪ್ಪಿದ್ದಾನೆ. ಅವನ ತಾಯಿಗೆ ಇನ್ನೂ ಹೇಳಿಲ್ಲ.

ಹೋದ ರವಿವಾರ ಇಬ್ಬರೂ ಕುಳಿತು ಆ ದಫ್ತರವನ್ನು ತೆರೆದು ನೋಡಿದೆವು. ಹೆಸರು, ವಿಳಾಸ, ಚಂದಾ, ಫೋನು. ಕೊನೆಗೆ ಅದರಲ್ಲಿಯೂ ಒಂದು ಶೇರಾ ಕಾಲಂ. ಹುಡುಗನು, “ಇದು ಬೇಕಾ?” ಎಂದು ನನ್ನ ಮುಖ ನೋಡಿದನು. ಒಂದೊಂದಾಗಿ ಓದಿಸಿದೆ. ‘ಯಜಮಾನರು ತೀರಿಕೊಂಡಿದ್ದಾರೆ, ಪತ್ರಿಕೆಯನ್ನು ಅಮ್ಮನವರ ಹೆಸರಿಗೆ ಕಳಿಸುವುದು.’ ‘ಚಂದಾ ಕೇಳಬಾರದು, ಈ ವರ್ಷ ಕೆಲಸ ಹೋಗಿದೆ.’ ‘ಲಿಫ್ಟಿಲ್ಲ, ನಾಲ್ಕನೆಯ ಮಾಳಿಗೆ. ಅಜ್ಜಿಗೆ ಇಳಿಯಲಾಗದು, ಪತ್ರಿಕೆಯನ್ನು ಮೇಲೆ ಹೋಗಿ ಕೈಯಲ್ಲೇ ಕೊಡಬೇಕು. ಸ್ವಲ್ಪ ಹೊತ್ತು ಕುಳಿತು ಮಾತಾಡಬೇಕು.’

ಆ ಕಾಲಂ ಇರಲಿದೆ. ಈ ಸಂಚಿಕೆಯೊಂದಿಗೆ ಪ್ರತಿ ಮನೆಗೂ ಒಂದು ಚೀಟಿ ಬರುತ್ತದೆ. ಅದರಲ್ಲಿ ದಫ್ತರದಲ್ಲಿರುವಂತೆ ನಿಮ್ಮ ಹೆಸರು ವಿಳಾಸಗಳಿರುತ್ತವೆ. ತಪ್ಪಿದ್ದರೆ ತಿದ್ದಿ, ನಮಗೆ ತಿಳಿದಿರಬೇಕಾದುದು ಬೇರೇನಾದರೂ ಇದ್ದರೆ ಕೆಳಗೆ ಬರೆದು, ಡಿಸೆಂಬರ್ 15ರೊಳಗೆ ಹಿಂದಕ್ಕೆ ಕಳಿಸಬೇಕಾಗಿ ವಿನಂತಿ.